ಒಂದೂವರೆ ಗಂಟೆಯ ಯುದ್ಧ, ಮೂರು ಚಲನಚಿತ್ರಗಳು



ಯುದ್ಧದ ಚಲನಚಿತ್ರ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಟ್ಯಾಂಕುಗಳು, ಬಾಂಬಿನ ಹೊಗೆ, ಗಡಿ ದಾಟಿ ನುಗ್ಗುವ ಸೈನಿಕರು. ಈ ಹೊತ್ತು ನಾನು ಹೇಳಹೊರಟಿರುವುದು ಬೇರೊಂದು ಬಗೆಯ ಯುದ್ಧಚಿತ್ರದ ವಿಚಾರ. ಇಲ್ಲಿ ಸೈನಿಕರು ನೆಲ ಗೆಲ್ಲುವುದಕ್ಕೆ ಹೋಗುವುದಿಲ್ಲ. ಸೆರೆಸಿಕ್ಕ ಜನರನ್ನು ಬಿಡಿಸಿ ತರುವುದಕ್ಕೆ ಹೋಗುತ್ತಾರೆ. ಇಂತಹ ಕಾರ್ಯಾಚರಣೆಗಳಲ್ಲಿ ಜಗತ್ತು ಬಹುವಾಗಿ ಮಾತಾಡಿಕೊಂಡದ್ದು 1976ರ ಜುಲೈ ತಿಂಗಳಲ್ಲಿ ಉಗಾಂಡಾ ದೇಶದ ಎಂಟೆಬೆ ವಿಮಾನ ನಿಲ್ದಾಣದಲ್ಲಿ ನಡೆದದ್ದನ್ನು. ಆ ಒಂದೇ ಘಟನೆಯನ್ನು ಕುರಿತು 1977ನೇ ಇಸವಿ ಮುಗಿಯುವುದರೊಳಗೆ ಮೂರು ಚಿತ್ರಗಳು ಬಂದವು. ಒಂದು ಘಟನೆ, ಮೂರು ಚಿತ್ರ! ಚಿತ್ರವನ್ನು ನೋಡಿ ಚರಿತ್ರೆಯನ್ನು ಕಲಿಯುತ್ತೇವೆಂದು ನಂಬುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ಮೊದಲು ನಡೆದದ್ದೇನು ಎಂಬುದನ್ನು ನೋಡೋಣ.

1976ರ ಜೂನ್ 27ರಂದು ಏರ್ ಫ್ರಾನ್ಸ್ ಸಂಸ್ಥೆಯ ವಿಮಾನವೊಂದು ಇಸ್ರೇಲಿನ ಟೆಲ್ ಅವೀವ್‌ನಿಂದ ಪ್ಯಾರಿಸ್‌ಗೆ ಹೊರಟಿತ್ತು. ದಾರಿಯಲ್ಲಿ ಗ್ರೀಸ್ ದೇಶದ ಅಥೆನ್ಸ್‌ನಲ್ಲಿ ಇಳಿಯಿತು. ಅಲ್ಲಿ ಹತ್ತಿದವರಲ್ಲಿ ನಾಲ್ವರು ಆಯುಧ ತಂದಿದ್ದರು. ಇಬ್ಬರು ಪ್ಯಾಲೆಸ್ಟೈನ್ ಹೋರಾಟದ ಒಂದು ಬಣದವರು. ಇನ್ನಿಬ್ಬರು, ವಿಲ್‌ಫ್ರೀಡ್ ಬೋಸೆ ಮತ್ತು ಬ್ರಿಗಿಟೆ ಕುಲ್‌ಮನ್, ಪಶ್ಚಿಮ ಜರ್ಮನಿಯ ತೀವ್ರವಾದಿ ಗುಂಪಿಗೆ ಸೇರಿದವರು. ವಿಮಾನ ಮೇಲೇರಿದ ಸ್ವಲ್ಪ ಹೊತ್ತಿಗೆ ಅದು ಅವರ ವಶವಾಯಿತು. ಲಿಬಿಯಾದ ಬೆಂಘಾಜಿಯಲ್ಲಿ ಇಂಧನ ತುಂಬಿಸಿಕೊಂಡು, ಮರುದಿನ ಪೂರ್ವ ಆಫ್ರಿಕದ ವಿಕ್ಟೋರಿಯಾ ಸರೋವರದ ದಂಡೆಯಲ್ಲಿರುವ ಎಂಟೆಬೆಗೆ ಬಂದಿಳಿಯಿತು. ಅಲ್ಲಿ ಇನ್ನಷ್ಟು ಸಂಗಾತಿಗಳು ಅವರಿಗಾಗಿ ಕಾದಿದ್ದರು. ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್ ಕೂಡ ಅವರ ಪರವಾಗಿಯೇ ನಿಂತ. 1972ರಲ್ಲಿ ತನ್ನ ದೇಶದಲ್ಲಿ ನೆಲೆಸಿದ್ದ ಭಾರತ ಮೂಲದ ಸಾವಿರಾರು ಕುಟುಂಬಗಳನ್ನು ಮೂರೇ ತಿಂಗಳ ಗಡುವು ಕೊಟ್ಟು ಹೊರಗಟ್ಟಿದವನು ಇದೇ ಅಮೀನ್.

ಅಪಹರಣಕಾರರ ಬೇಡಿಕೆ ಸ್ಪಷ್ಟವಾಗಿತ್ತು. ಇಸ್ರೇಲಿನ ಸೆರೆಮನೆಗಳಲ್ಲಿದ್ದ 40 ಮಂದಿ, ಬೇರೆ ದೇಶಗಳಲ್ಲಿದ್ದ 13 ಮಂದಿ, ಒಟ್ಟು 53 ಕೈದಿಗಳನ್ನು ಬಿಡಬೇಕು. ಜೊತೆಗೆ 50 ಲಕ್ಷ ಡಾಲರ್ ಹಣ ಕೊಡಬೇಕು. ಇಲ್ಲವಾದರೆ ಜುಲೈ 1ರಂದು ಒತ್ತೆಯಾಳುಗಳನ್ನು ಕೊಲ್ಲತೊಡಗುತ್ತೇವೆ ಎಂದರು.

ಎಂಟೆಬೆಯ ಹಳೆಯ ನಿಲ್ದಾಣದ ಕಟ್ಟಡದೊಳಗೆ ಸುಮಾರು 250 ಜನರನ್ನು ಕೂರಿಸಿದ್ದರು. ಅಲ್ಲಿ ಒಂದು ಸಂಜೆ ಪಾಸ್‌ಪೋರ್ಟುಗಳನ್ನು ನೋಡಿ ಹೆಸರು ಕೂಗತೊಡಗಿದರು. ಇಸ್ರೇಲಿನ ಪ್ರಜೆಗಳು ಒಂದು ಕೋಣೆಗೆ, ಮಿಕ್ಕವರು ಇನ್ನೊಂದು ಕೋಣೆಗೆ. ಹಿಟ್ಲರನ ಕಾಲದಲ್ಲಿ ಯಹೂದಿಗಳನ್ನು ಹೀಗೆಯೇ ಹೆಸರು ಕರೆದು ಬೇರೆ ಮಾಡಿದ್ದನ್ನು ಕಂಡು ಬದುಕಿ ಉಳಿದಿದ್ದವರು ಆ ಗುಂಪಿನಲ್ಲಿದ್ದರು. ಈಗ ಹೆಸರು ಕೂಗುತ್ತಿದ್ದವನು ಜರ್ಮನ್. ಇದಕ್ಕಿಂತ ನಾಟಕೀಯವಾದ ದೃಶ್ಯ ಯಾವ ಚಿತ್ರಕಥೆಗಾರನ ಕಲ್ಪನೆಗೂ ಬರಲಾರದು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ‘ಯಹೂದಿಗಳನ್ನು ಬೇರೆ ಮಾಡಿದರು’ ಎಂದೇ ಅನೇಕ ಕಡೆ ಓದುತ್ತೇವೆ. ನಿಜವಾಗಿ ಬೇರೆ ಮಾಡಿದ್ದು ಮುಖ್ಯವಾಗಿ ಇಸ್ರೇಲಿ ಪ್ರಜೆಗಳನ್ನು, ಅವರೊಡನೆ ಬೇರೆ ದೇಶದ ಕೆಲವೇ ಯಹೂದಿಗಳನ್ನು. ಬೇರೆ ದೇಶಗಳ ಯಹೂದಿಗಳಲ್ಲಿ ಅನೇಕರು ಮಿಕ್ಕವರೊಂದಿಗೆ ಬಿಡುಗಡೆ ಹೊಂದಿದರು. ಅಲ್ಲಿ ಒತ್ತೆಯಾಳುಗಳಾಗಿದ್ದವರೇ ಮುಂದೆ ಇದನ್ನು ಒತ್ತಿ ಹೇಳಿದ್ದಾರೆ. ಚಿತ್ರ ನೋಡುವಾಗ ಕಣ್ಣೀರು ಬರುವ ಜಾಗದಲ್ಲಿಯೇ ಇಂತಹ ಸೂಕ್ಷ್ಮಗಳು ಜಾರಿಹೋಗುತ್ತವೆ.

ಇಸ್ರೇಲಿಗಳಲ್ಲದವರನ್ನು ಜೂನ್ 30 ಮತ್ತು ಜುಲೈ 1ರಂದು ಎರಡು ಕಂತಿನಲ್ಲಿ ಬಿಟ್ಟರು. ವಿಮಾನದ ಸಿಬ್ಬಂದಿ 12 ಜನ. ಅವರ ಕಪ್ತಾನ ಮಿಷೆಲ್ ಬಾಕೋಸ್ ಎಂಬ ಫ್ರೆಂಚ್ ಗೃಹಸ್ಥ. ತನ್ನ ಪ್ರಯಾಣಿಕರನ್ನು ಬಿಟ್ಟು ತಾನು ಕದಲುವುದಿಲ್ಲ ಎಂದ. ಸಿಬ್ಬಂದಿಯೆಲ್ಲ ಅವನ ಜೊತೆ ಉಳಿದರು. ಕೈಯಲ್ಲಿ ಒಂದು ಆಯುಧವೂ ಇಲ್ಲದೆ ತೋರಿದ ಧೈರ್ಯ ಅದು. ಹೀಗೆ ಕೊನೆಗೆ ಉಳಿದವರು 106 ಮಂದಿ. ಈ ಸಂಖ್ಯೆಯನ್ನು ನೆನಪಿನಲ್ಲಿಡಿ. ಮುಂದೆ ಲೆಕ್ಕ ಮಾಡಬೇಕಾಗುತ್ತದೆ.

ಈಗ ಜೆರುಸಲೇಮಿನತ್ತ ನೋಡೋಣ. ಇತ್ಜಾಕ್ ರಾಬಿನ್ ಪ್ರಧಾನಿ, ಶಿಮೋನ್ ಪೆರೆಸ್ ರಕ್ಷಣಾ ಮಂತ್ರಿ. ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದು. ಸಿನಿಮಾ ನೋಡಿದವರು ‘ಇಸ್ರೇಲ್ ತಲೆ ಬಾಗಲೇ ಇಲ್ಲ, ಸೀದಾ ಹೋಗಿ ಹೊಡೆದು ಬಂದಿತು’ ಎಂದುಕೊಳ್ಳುತ್ತಾರೆ. ಹಾಗಲ್ಲ. ಜುಲೈ 1ರಂದು ಇಸ್ರೇಲ್ ಸರಕಾರ ಅಪಹರಣಕಾರರೊಡನೆ ಮಾತುಕತೆ ನಡೆಸಲು ಒಪ್ಪಿಕೊಂಡಿತ್ತು. ಏಕೆಂದರೆ ಆ ದಿನ ಸೇನೆಯ ಕೈಯಲ್ಲಿ ನಂಬುವಂತಹ ಯೋಜನೆಯೇ ಇರಲಿಲ್ಲ. ಮಾತುಕತೆಗೆ ಒಪ್ಪಿದ್ದರಿಂದ ಗಡುವು ಜುಲೈ 4ಕ್ಕೆ ಮುಂದಕ್ಕೆ ಹೋಯಿತು. ಆ ಮೂರು ದಿನಗಳಲ್ಲಿ ಯೋಜನೆ ಹುಟ್ಟಿತು. ಮಾತುಕತೆ ಮತ್ತು ದಾಳಿ ಒಂದಕ್ಕೊಂದು ವಿರುದ್ಧವೆಂದು ನಾವು ತಿಳಿದಿರುತ್ತೇವೆ. ಇಲ್ಲಿ ಒಂದು ಇನ್ನೊಂದಕ್ಕೆ ಸಮಯ ದೊರಕಿಸಿಕೊಟ್ಟಿತು.

ಯೋಜನೆಗೆ ಬೇಕಾದದ್ದು ಬಂದೂಕಿಗಿಂತ ಹೆಚ್ಚಾಗಿ ಮಾಹಿತಿ. ಒತ್ತೆಯಾಳುಗಳು ಯಾವ ಕೋಣೆಯಲ್ಲಿದ್ದಾರೆ? ಬಾಗಿಲು ಒಳಕ್ಕೆ ತೆರೆಯುತ್ತದೆಯೋ ಹೊರಕ್ಕೋ? ಕಾವಲಿನವರು ಎಲ್ಲಿ ನಿಲ್ಲುತ್ತಾರೆ? ರಾತ್ರಿ ದೀಪ ಇರುತ್ತದೆಯೇ? ಬಿಡುಗಡೆಯಾಗಿ ಪ್ಯಾರಿಸ್‌ಗೆ ಬಂದ ಪ್ರಯಾಣಿಕರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಇದನ್ನೆಲ್ಲ ಕೇಳಿ ಬರೆದುಕೊಂಡರು. ಇನ್ನೊಂದು ಅದೃಷ್ಟವೂ ಇತ್ತು. 1972ರವರೆಗೆ ಇಸ್ರೇಲ್ ಮತ್ತು ಉಗಾಂಡಾ ಸ್ನೇಹದಿಂದ ಇದ್ದವು. ಇಸ್ರೇಲಿ ಅಧಿಕಾರಿಗಳೇ ಅಮೀನನ ಸೈನ್ಯಕ್ಕೆ ತರಬೇತಿ ಕೊಟ್ಟಿದ್ದರು. ಎಂಟೆಬೆ ನಿಲ್ದಾಣದ ಕಟ್ಟಡ ಕೆಲಸದಲ್ಲಿ ‘ಸೊಲೆಲ್ ಬೊನೆ’ ಎಂಬ ಇಸ್ರೇಲಿ ಕಂಪನಿಯ ಕೈಯಿತ್ತು. ಆದ್ದರಿಂದ ನಕ್ಷೆಗಳು ಮನೆಯಲ್ಲಿಯೇ ಸಿಕ್ಕವು! ಬಯಲಿನಲ್ಲಿ ಕಟ್ಟಡದ ಅಳತೆಗೆ ಸರಿಯಾಗಿ ಮಾದರಿ ನಿಲ್ಲಿಸಿ, ಇರುಳೆಲ್ಲ ಅಭ್ಯಾಸ ಮಾಡಿದರು.

ಇನ್ನು ದೂರದ ಮಾತು. ನಿಮ್ಮ ಭೂಗೋಳದ ಪುಸ್ತಕದಲ್ಲಿ ಭಾರತದ ಉತ್ತರ-ದಕ್ಷಿಣ ಉದ್ದ 3,214 ಕಿಲೋಮೀಟರ್ ಎಂದಿರುತ್ತದೆ. ಇಸ್ರೇಲಿನಿಂದ ಎಂಟೆಬೆಗೆ ಅದಕ್ಕೂ ಹೆಚ್ಚು, ಸುಮಾರು 4,000 ಕಿಲೋಮೀಟರ್. ನಾಲ್ಕು ಹರ್ಕ್ಯುಲಸ್ ಸಾಗಣೆ ವಿಮಾನಗಳು ಜುಲೈ 3ರ ಮಧ್ಯಾಹ್ನ ಹೊರಟು, ರಾಡಾರಿನ ಕಣ್ಣು ತಪ್ಪಿಸಲು ಕೆಂಪು ಸಮುದ್ರದ ಮೇಲೆ ಬಹಳ ತಗ್ಗಿನಲ್ಲಿ ಹಾರಿದವು. ಅವು ಹೊರಟಾಗ ಮಂತ್ರಿಮಂಡಲದ ಅನುಮತಿ ಇನ್ನೂ ಸಿಕ್ಕಿರಲಿಲ್ಲ; ವಿಮಾನಗಳು ಆಕಾಶದಲ್ಲಿದ್ದಾಗ ಒಪ್ಪಿಗೆ ಬಂದಿತು. ಹೋಗುವುದೇನೋ ಸರಿ, ಹಿಂದಿರುಗುವುದಕ್ಕೆ ಇಂಧನ ಸಾಲದು. ನೆರೆಯ ಕೀನ್ಯಾದ ನೈರೋಬಿಯಲ್ಲಿ ಇಳಿಯಲು ಅವಕಾಶ ಸಿಗದಿದ್ದರೆ ಎಂಟೆಬೆಯಲ್ಲಿಯೇ ತುಂಬಿಸಿಕೊಳ್ಳಬೇಕೆಂದು ಪಂಪನ್ನೂ ಹೊತ್ತೊಯ್ದಿದ್ದರು. ಇಡೀ ದಂಡಿಗೆ ಮುಖ್ಯಸ್ಥ ಬ್ರಿಗೇಡಿಯರ್ ಡ್ಯಾನ್ ಶೊಮ್ರೋನ್. ಕಟ್ಟಡಕ್ಕೆ ನುಗ್ಗುವ ತಂಡದ ನಾಯಕ ಲೆಫ್ಟಿನೆಂಟ್ ಕರ್ನಲ್ ಯೋನಾತನ್ ನೆತನ್ಯಾಹು, ವಯಸ್ಸು ಮೂವತ್ತು.

ಮೊದಲ ವಿಮಾನದಿಂದ ಇಳಿದದ್ದು ಒಂದು ಕಪ್ಪು ಮರ್ಸಿಡಿಸ್ ಕಾರು, ಹಿಂದೆ ಎರಡು ಲ್ಯಾಂಡ್‌ರೋವರ್. ಅಮೀನನೇ ಬರುತ್ತಿದ್ದಾನೆಂದು ಕಾವಲಿನವರು ನಂಬಲಿ ಎಂಬ ಉಪಾಯ. ಆದರೆ ದಾರಿಯಲ್ಲಿ ಇಬ್ಬರು ಉಗಾಂಡಾ ಪಹರೆಯವರು ಎದುರಾದರು. ಒಬ್ಬ ಬಂದೂಕು ಎತ್ತಿದ. ನೆತನ್ಯಾಹು ಗುಂಡು ಹಾರಿಸಲು ಆಜ್ಞೆ ಕೊಟ್ಟ. ಸದ್ದಾಗಿ ಗುಟ್ಟು ರಟ್ಟಾಯಿತು. ಹಿಂದೆ ಉಗಾಂಡಾದಲ್ಲಿ ತರಬೇತುದಾರನಾಗಿದ್ದ ಮುಕಿ ಬೆಟ್ಸರ್ ಎಂಬ ಅಧಿಕಾರಿ ಅದೇ ಕಾರಿನಲ್ಲಿದ್ದ. ಅದು ಪಹರೆಯವರ ಮಾಮೂಲು ಸಲಾಮು, ಗುಂಡಿನ ಅಗತ್ಯವಿರಲಿಲ್ಲ ಎಂಬುದು ಅವನ ಅಭಿಪ್ರಾಯ. ನೆತನ್ಯಾಹುವಿನ ಕುಟುಂಬದವರು ಇದನ್ನು ಒಪ್ಪುವುದಿಲ್ಲ. ಒಂದೇ ಕಾರಿನಲ್ಲಿ ಕುಳಿತವರ ನಡುವೆಯೇ ಹುಟ್ಟಿದ ಭೇದ ಇದು. ಯಾವ ಚಿತ್ರ ಈ ಎರಡನ್ನೂ ತೋರಿಸೀತು? ಕ್ಯಾಮೆರಾ ಒಂದು ಬಾರಿಗೆ ಒಂದನ್ನೇ ತೋರಿಸಬಲ್ಲದು.

ಒಳಗೆ ನುಗ್ಗಿದ ಸೈನಿಕರು ಮೆಗಾಫೋನಿನಲ್ಲಿ ಹೀಬ್ರೂ ಮತ್ತು ಇಂಗ್ಲಿಷಿನಲ್ಲಿ ‘ಮಲಗಿ, ಮಲಗಿ’ ಎಂದು ಕೂಗಿದರು. ಕೆಲವೇ ನಿಮಿಷಗಳಲ್ಲಿ ಅಲ್ಲಿದ್ದ ಅಪಹರಣಕಾರರೆಲ್ಲ ಸತ್ತರು. ಬಿಡಿಸಲು ಬಂದವರನ್ನು ಕಂಡು ಎದ್ದು ನಿಂತ 19 ವರ್ಷದ ಹುಡುಗನೊಬ್ಬನನ್ನು, ಅಪಹರಣಕಾರನೆಂದು ತಪ್ಪಾಗಿ ತಿಳಿದು, ಬಿಡಿಸಲು ಬಂದವರೇ ಹೊಡೆದರು. ನಿಮ್ಮ ವಯಸ್ಸಿನವನು. ಗುಂಡಿನ ನಡುವೆ ಸಿಕ್ಕಿ ಇನ್ನಿಬ್ಬರು ಒತ್ತೆಯಾಳುಗಳೂ ತೀರಿಕೊಂಡರು. ಹೊರಗೆ ನೆತನ್ಯಾಹುವಿಗೆ ಗುಂಡು ತಗಲಿತು. ದಾಳಿಗೆ ಹೋದವರಲ್ಲಿ ಸತ್ತವನು ಅವನೊಬ್ಬನೇ. ಅವನ ನೆನಪಿಗಾಗಿ ಈ ಕಾರ್ಯಾಚರಣೆಗೇ ಇಸ್ರೇಲಿನಲ್ಲಿ ‘ಯೋನಾತನ್’ ಎಂದು ಹೆಸರಿಟ್ಟರು. ಅವನ ತಮ್ಮ ಬೆಂಜಮಿನ್ ಮುಂದೆ ಆ ದೇಶದ ಪ್ರಧಾನಿಯಾದದ್ದು ನಿಮಗೆ ಗೊತ್ತಿದೆ. ಮೊದಲ ವಿಮಾನ ನೆಲ ಮುಟ್ಟಿದ್ದರಿಂದ ಕೊನೆಯದು ಮೇಲೇರುವವರೆಗೆ ಹಿಡಿದದ್ದು ಸುಮಾರು ಒಂದೂವರೆ ಗಂಟೆ. ಮನೆಗೆ ಬಂದವರು 102 ಮಂದಿ. 106ರಲ್ಲಿ ಮೂವರು ಹೋದರೆ 103 ಆಗಬೇಕಲ್ಲವೇ? ಆ ಒಬ್ಬರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ಚಿತ್ರಗಳು. ಜುಲೈ 4ರ ಬೆಳಿಗ್ಗೆ ಸುದ್ದಿ ಹರಡಿತು. ಅಂದು ಅಮೆರಿಕಕ್ಕೆ ಸ್ವಾತಂತ್ರ್ಯ ಬಂದು ಸರಿಯಾಗಿ 200 ವರ್ಷ. ಅಲ್ಲಿನ ಜನ ಹಬ್ಬದ ಹುರುಪಿನಲ್ಲಿದ್ದರು. ಚಿತ್ರ ತಯಾರಕರಲ್ಲಿ ಓಟದ ಪಂದ್ಯವೇ ನಡೆಯಿತು. ಮೊದಲು ಗುರಿ ಮುಟ್ಟಿದ್ದು ‘ವಿಕ್ಟರಿ ಅಟ್ ಎಂಟೆಬೆ’, 1976ರ ಡಿಸೆಂಬರ್ 13ರಂದು, ಅಮೆರಿಕದ ಟೆಲಿವಿಷನ್‌ನಲ್ಲಿ. ನಿರ್ದೇಶಕ ಮಾರ್ವಿನ್ ಚೋಮ್‌ಸ್ಕಿ. ಎಲಿಜಬೆತ್ ಟೇಲರ್, ಕರ್ಕ್ ಡಗ್ಲಾಸ್, ಬರ್ಟ್ ಲ್ಯಾಂಕಾಸ್ಟರ್, ಆಂಥೊನಿ ಹಾಪ್ಕಿನ್ಸ್ ಎಂದು ತಾರೆಗಳ ಜಾತ್ರೆಯೇ ಅದರಲ್ಲಿದೆ. ಅವಸರ ಎಷ್ಟಿತ್ತೆಂದರೆ, ಫಿಲ್ಮಿನ ಬದಲು ವಿಡಿಯೋ ಟೇಪಿನಲ್ಲಿ ಚಿತ್ರಿಸಿದರು. ಅಮೀನನ ಪಾತ್ರ ಮಾಡುತ್ತಿದ್ದ ಗಾಡ್‌ಫ್ರೆ ಕೇಂಬ್ರಿಜ್ ಎಂಬ ನಟ ನವೆಂಬರ್ 29ರಂದು ಚಿತ್ರೀಕರಣದ ಸ್ಥಳದಲ್ಲಿಯೇ ಹೃದಯಾಘಾತದಿಂದ ತೀರಿಕೊಂಡ. ಜೂಲಿಯಸ್ ಹ್ಯಾರಿಸ್ ಎಂಬ ಬೇರೊಬ್ಬ ನಟನನ್ನು ಕರೆತಂದರು, ಎರಡು ವಾರಕ್ಕೆ ಚಿತ್ರ ಪ್ರಸಾರವಾಯಿತು! ಇಷ್ಟು ವೇಗದಲ್ಲಿ ಮಾಡಿದ್ದರಲ್ಲಿ ವಿವೇಚನೆಗೆ ಜಾಗ ಕಡಿಮೆ. ಈ ಚಿತ್ರವನ್ನು ನೀವು ನೋಡದಿದ್ದರೂ ನಷ್ಟವಿಲ್ಲ.

ಎರಡನೆಯದು ಇರ್ವಿನ್ ಕರ್ಶ್ನರ್ ನಿರ್ದೇಶನದ ‘ರೇಡ್ ಆನ್ ಎಂಟೆಬೆ’, 1977ರ ಜನವರಿ 9. ಮೂರರಲ್ಲಿ ನನಗೆ ಹೆಚ್ಚು ಒಪ್ಪಿಗೆಯಾದದ್ದು ಇದು. ಡ್ಯಾನ್ ಶೊಮ್ರೋನ್ ಆಗಿ ಚಾರ್ಲ್ಸ್ ಬ್ರಾನ್ಸನ್ ಇದ್ದಾನೆ. ಆದರೆ ಚಿತ್ರದ ತಿರುಳು ಅವನಲ್ಲಿ ಇಲ್ಲ, ರಾಬಿನ್ ಪಾತ್ರದ ಪೀಟರ್ ಫಿಂಚ್‌ನಲ್ಲಿದೆ. ಮೇಜಿನ ಸುತ್ತ ಕುಳಿತ ದಣಿದ ಮುಖಗಳು, ಯಾರೂ ಪೂರ್ತಿ ನಂಬದ ಯೋಜನೆ, ತಪ್ಪಿದರೆ ನೂರು ಹೆಣ ಎಂಬ ಅಳುಕು: ಇವನ್ನು ಕರ್ಶ್ನರ್ ಅವಸರಿಸದೆ ತೋರಿಸುತ್ತಾನೆ. ಫಿಂಚ್ ಈ ಚಿತ್ರ ಪ್ರಸಾರವಾದ ಐದೇ ದಿನಕ್ಕೆ ತೀರಿಕೊಂಡ.

ಮೂರನೆಯದು ಇಸ್ರೇಲಿನದೇ ಚಿತ್ರ, ಮೆನಾಹೆಮ್ ಗೋಲನ್ ನಿರ್ದೇಶಿಸಿದ್ದು. ಹೀಬ್ರೂ ಹೆಸರಿಗೆ ‘ಯೋನಾತನ್ ಕಾರ್ಯಾಚರಣೆ’ ಎಂದರ್ಥ. ಹೊರಗೆ ‘ಆಪರೇಷನ್ ಥಂಡರ್‌ಬೋಲ್ಟ್’ ಎಂದು ಪ್ರಸಿದ್ಧ. ಜನಪ್ರಿಯ ಗಾಯಕ ಯೆಹೊರಾಮ್ ಗಾಓನ್ ಯೋನಾತನ್ ಆಗಿದ್ದಾನೆ. ಬೋಸೆಯ ಪಾತ್ರದಲ್ಲಿ ಕ್ಲಾಸ್ ಕಿನ್‌ಸ್ಕಿ. ಸರಕಾರ, ವಾಯುಸೇನೆ ಎರಡೂ ಸಹಕರಿಸಿದ್ದರಿಂದ ಹರ್ಕ್ಯುಲಸ್‌ಗಳು ನಿಜವಾದವೇ. ಪರಭಾಷಾ ಚಿತ್ರಗಳ ಆಸ್ಕರ್ ಸ್ಪರ್ಧೆಯ ಕೊನೆಯ ಸುತ್ತಿಗೂ ಹೋಗಿತ್ತು. ನಿಜವಾದ ವಿಮಾನ, ನಿಜವಾದ ಸಮವಸ್ತ್ರ ಕಂಡೊಡನೆ ನಾವು ಕಥೆಯನ್ನೂ ಪೂರ್ತಿ ನಿಜವೆಂದು ನಂಬಿಬಿಡುತ್ತೇವೆ. ಸೇನೆ ವಿಮಾನ ಕೊಟ್ಟ ಚಿತ್ರ ಸೇನೆಯನ್ನು ಪ್ರಶ್ನಿಸುವುದು ಕಷ್ಟ. ಇದು ಇಸ್ರೇಲಿಗೆ ಮಾತ್ರ ಸಲ್ಲುವ ಮಾತಲ್ಲ.

ಬಹಳ ಕಾಲದ ನಂತರ, 2018ರಲ್ಲಿ, ಬ್ರೆಜಿಲ್ ದೇಶದ ಜೋಸೆ ಪಡೀಲಾ ‘ಸೆವೆನ್ ಡೇಸ್ ಇನ್ ಎಂಟೆಬೆ’ ಮಾಡಿದ. ಇವನು ಕ್ಯಾಮೆರಾವನ್ನು ಇಬ್ಬರು ಜರ್ಮನ್ ಅಪಹರಣಕಾರರ ಹತ್ತಿರಕ್ಕೆ ಒಯ್ದ. ದಾಳಿಯ ದೃಶ್ಯದ ನಡುನಡುವೆ ಇಸ್ರೇಲಿನ ಒಂದು ನೃತ್ಯತಂಡದ ನರ್ತನವನ್ನು ಸೇರಿಸಿದ. ಅನೇಕ ವಿಮರ್ಶಕರು ಮುಖ ಸಿಂಡರಿಸಿದರು. ನನಗೂ ಆ ನೃತ್ಯ ಸರಿಯಾಗಿ ಹೊಂದಿತೆಂದು ಅನಿಸುವುದಿಲ್ಲ. ಆದರೆ ಗುಂಡಿನ ಮೋಜನ್ನು ಪ್ರೇಕ್ಷಕನಿಗೆ ಸುಲಭವಾಗಿ ಕೊಡಬಾರದೆಂಬ ಅವನ ಹಟಕ್ಕೆ ಬೆಲೆ ಕೊಡಬೇಕು.

ಮೆನಾಹೆಮ್ ಗೋಲನ್‌ನ ಇನ್ನೊಂದು ಚಿತ್ರದ ವಿಷಯ ಹೇಳದಿದ್ದರೆ ಈ ಮಾತು ಅರ್ಧವಾಗುತ್ತದೆ. 1986ರಲ್ಲಿ ಅವನು ‘ದ ಡೆಲ್ಟಾ ಫೋರ್ಸ್’ ಎಂಬ ಚಿತ್ರ ಮಾಡಿದ. ಹಿಂದಿನ ವರ್ಷ ಟಿ.ಡಬ್ಲ್ಯು.ಎ. ಸಂಸ್ಥೆಯ ವಿಮಾನವೊಂದನ್ನು ಅಪಹರಿಸಿ ಲೆಬನಾನಿನ ಬೈರೂತ್‌ಗೆ ಒಯ್ದಿದ್ದರು. ಚಿತ್ರ ಅದನ್ನು ಆಧರಿಸಿದ್ದು. ತೆರೆಯ ಮೇಲೆ ಚಕ್ ನಾರಿಸ್ ಮತ್ತು ಸಂಗಡಿಗರು ನುಗ್ಗಿ ಎಲ್ಲರನ್ನೂ ಬಿಡಿಸಿ ತರುತ್ತಾರೆ. ನಿಜದಲ್ಲಿ ಅಂತಹ ದಾಳಿ ನಡೆಯಲೇ ಇಲ್ಲ. ಒಬ್ಬ ಪ್ರಯಾಣಿಕನನ್ನು ಅಪಹರಣಕಾರರು ಕೊಂದಿದ್ದರು. ಮಿಕ್ಕವರು ಹದಿನೇಳು ದಿನಗಳ ಮಾತುಕತೆ, ಮಧ್ಯಸ್ಥಿಕೆಗಳಿಂದ ಬಿಡುಗಡೆಯಾದರು. ಇನ್ನೂ ಸೋಜಿಗವೆಂದರೆ ಆ ಚಿತ್ರ ಆರಂಭವಾಗುವುದು ನಿಜವಾದ ಒಂದು ಸೋಲಿನಿಂದ. 1980ರ ಏಪ್ರಿಲ್‌ನಲ್ಲಿ ಇರಾನಿನಲ್ಲಿ ಸೆರೆಯಾಗಿದ್ದ ತನ್ನ ರಾಯಭಾರ ಕಚೇರಿಯವರನ್ನು ಬಿಡಿಸಲು ಅಮೆರಿಕ ಕಳಿಸಿದ ದಂಡು ಮರುಭೂಮಿಯಿಂದ ಮುಂದೆ ಹೋಗಲೇ ಇಲ್ಲ. ಹೆಲಿಕಾಪ್ಟರುಗಳು ಕೆಟ್ಟವು, ಹಿಂದಿರುಗುವಾಗ ಒಂದು ಹೆಲಿಕಾಪ್ಟರ್ ಸಾಗಣೆ ವಿಮಾನಕ್ಕೆ ಬಡಿದು ಎಂಟು ಸೈನಿಕರು ಸತ್ತರು. ಆ ಒತ್ತೆಯಾಳುಗಳೂ ಕೊನೆಗೆ 444 ದಿನಗಳ ನಂತರ, 1981ರಲ್ಲಿ, ಮಾತುಕತೆಯಿಂದಲೇ ಬಿಡುಗಡೆಯಾದರು. ನಿಜವಾದ ಸೋಲನ್ನು ಮೊದಲು ತೋರಿಸಿ, ನಡೆಯದ ಗೆಲುವಿನಿಂದ ಅದನ್ನು ಒರೆಸಿದ ಚಿತ್ರ ಅದು.

ಸೈಪ್ರಸ್ ದ್ವೀಪದ ಲಾರ್ನಕಾದಲ್ಲಿ 1978ರ ಫೆಬ್ರವರಿಯಲ್ಲಿ ನಡೆದದ್ದನ್ನೂ ನೋಡಿ. ಎಂಟೆಬೆಯ ಮಾದರಿಯಲ್ಲಿಯೇ ಈಜಿಪ್ಟ್ ತನ್ನ ಕಮಾಂಡೊಗಳನ್ನು ಆ ದೇಶದ ಒಪ್ಪಿಗೆಯಿಲ್ಲದೆ ನಿಲ್ದಾಣಕ್ಕೆ ನುಗ್ಗಿಸಿತು. ಸೈಪ್ರಸ್ ಸೈನ್ಯ ಅವರ ಮೇಲೆಯೇ ಗುಂಡು ಹಾರಿಸಿತು. ಹತ್ತಕ್ಕೂ ಹೆಚ್ಚು ಕಮಾಂಡೊಗಳು ಸತ್ತರು. ಅತ್ತ ಒತ್ತೆಯಾಳುಗಳ ಬಿಡುಗಡೆ ಮಾತುಕತೆಯಲ್ಲಿಯೇ ಕುದುರಿತ್ತು. ಲಾರ್ನಕಾದ ಕಥೆಗೆ ತಾರೆಗಳ ಜಾತ್ರೆ ನೆರೆಯಲಿಲ್ಲ. ಗೆದ್ದದ್ದನ್ನು ಮಾತ್ರ ಮತ್ತೆ ಮತ್ತೆ ನೋಡುವ ಪ್ರೇಕ್ಷಕನಿಗೆ ದಾಳಿಯೆಂದರೆ ಗೆಲುವೇ ಎಂಬ ಎಣಿಕೆ ಬೇರೂರುತ್ತದೆ. ಟೀಕೆಟು ಕೊಂಡ ಪ್ರೇಕ್ಷಕ ಹಾಗೆ ಎಣಿಸಿದರೆ ಅಪಾಯವಿಲ್ಲ. ಒಂದು ದೇಶವೇ ಎಣಿಸಿದರೆ ಏನಾಗುತ್ತದೆಂಬುದಕ್ಕೆ ಲಾರ್ನಕಾ ಇದೆ.

ಗೆದ್ದ ಕಥೆಯಲ್ಲಿಯೂ ಲೆಕ್ಕಕ್ಕೆ ಬಾರದವರಿದ್ದಾರೆ. ಎಂಟೆಬೆಯಲ್ಲಿ ಸತ್ತ ಉಗಾಂಡಾ ಸೈನಿಕರ ಸಂಖ್ಯೆ ಸಾಮಾನ್ಯವಾಗಿ 45 ಎಂದು ಕೊಡುತ್ತಾರೆ. ಕೆಲವರು ಕಡಿಮೆ ಹೇಳುತ್ತಾರೆ. ವಿಮಾನ ಅಪಹರಿಸಲು ಹೊರಟವರು ಅವರಲ್ಲ. ಸರ್ವಾಧಿಕಾರಿ ನಿಲ್ಲು ಎಂದ ಕಡೆ ನಿಂತ ಸಿಪಾಯಿಗಳು. ಚಿತ್ರಗಳಲ್ಲಿ ಅವರು ಬೀಳುತ್ತಾರೆ, ಅಷ್ಟೆ. ನೈರೋಬಿಯಲ್ಲಿ ಇಂಧನ ಸಿಕ್ಕಿತಲ್ಲ, ಆ ಸಿಟ್ಟಿಗೆ ಅಮೀನನ ಕಡೆಯವರು ಉಗಾಂಡಾದಲ್ಲಿದ್ದ ನೂರಾರು ಕೀನ್ಯಾದವರನ್ನು ಕೊಂದರು. ದಾಳಿಯೊಡನೆ ಅವರಿಗೆ ಯಾವ ಸಂಬಂಧವೂ ಇರಲಿಲ್ಲ. ವಿಶ್ವಸಂಸ್ಥೆಯ ಭದ್ರತಾ ಮಂಡಲಿಯಲ್ಲಿ ಅದೇ ಜುಲೈನಲ್ಲಿ ಬಿಸಿ ಚರ್ಚೆ ನಡೆಯಿತು. ಇನ್ನೊಂದು ದೇಶದ ಸಾರ್ವಭೌಮತ್ವವನ್ನು ಮುರಿದದ್ದು ಸರಿಯೇ? ತನ್ನ ಪ್ರಜೆಗಳನ್ನು ಕೊಲ್ಲುತ್ತಾರೆಂದಾಗ ಒಂದು ಸರಕಾರ ಕೈಕಟ್ಟಿ ಕೂರಬೇಕೇ? ಯಾವ ನಿರ್ಣಯವೂ ಅಂಗೀಕಾರವಾಗದೆ ಸಭೆ ಮುಗಿಯಿತು. ನಿಮ್ಮ ಕಾಲೇಜಿನ ಚರ್ಚಾಸ್ಪರ್ಧೆಗೆ ಇದು ಒಳ್ಳೆಯ ವಿಷಯ. ಎರಡು ಕಡೆಗೂ ಗಟ್ಟಿಯಾದ ವಾದಗಳಿವೆ.

ಈಗ 106ರ ಲೆಕ್ಕ. ಡೋರಾ ಬ್ಲಾಕ್ ಎಂಬ 75ರ ಆಸುಪಾಸಿನ ಅಜ್ಜಿ, ಮಗನ ಜೊತೆ ಆ ವಿಮಾನದಲ್ಲಿದ್ದರು. ಊಟ ಮಾಡುವಾಗ ಗಂಟಲಲ್ಲಿ ತುತ್ತು ಸಿಕ್ಕಿಕೊಂಡಿತೆಂದು ಅವರನ್ನು ರಾಜಧಾನಿ ಕಂಪಾಲದ ಆಸ್ಪತ್ರೆಗೆ ಸೇರಿಸಿದ್ದರು. ಹರ್ಕ್ಯುಲಸ್‌ಗಳು ಬಂದುಹೋದ ರಾತ್ರಿ ಅವರು ಆಸ್ಪತ್ರೆಯ ಹಾಸಿಗೆಯ ಮೇಲಿದ್ದರು. ಅವರನ್ನು ಕರೆತರಲು ಯಾರಿಂದಲೂ ಸಾಧ್ಯವಿರಲಿಲ್ಲ. ಮಗ ವಿಮಾನದಲ್ಲಿ ಮನೆಗೆ ಹೋದ. ಮರುದಿನ ಬ್ರಿಟಿಷ್ ರಾಯಭಾರ ಕಚೇರಿಯ ಅಧಿಕಾರಿಯೊಬ್ಬರು ಅವರನ್ನು ಆಸ್ಪತ್ರೆಯಲ್ಲಿ ಕಂಡು ಬಂದರು. ಆಮೇಲೆ ಅವರನ್ನು ಜೀವಂತವಾಗಿ ಕಂಡ ಹೊರಗಿನವರಿಲ್ಲ. ಅಮೀನನ ಜನ ಎಳೆದೊಯ್ದು ಕೊಂದರು. ಕರ್ಶ್ನರನ ಚಿತ್ರದಲ್ಲಿ ಸಿಲ್ವಿಯಾ ಸಿಡ್ನಿ ಎಂಬ ಹಿರಿಯ ನಟಿ ಈ ಪಾತ್ರ ಮಾಡಿದ್ದಾರೆ. ಆ ಚಿತ್ರ ಮನೆ ಮನೆಯಲ್ಲಿ ಪ್ರಸಾರವಾದಾಗ ಡೋರಾ ಬ್ಲಾಕ್ ಅವರ ದೇಹ ಇನ್ನೂ ಸಿಕ್ಕಿರಲಿಲ್ಲ. 1979ರಲ್ಲಿ ತಾಂಜಾನಿಯಾದ ಸೈನ್ಯ ಬಂದು ಅಮೀನ್ ಓಡಿಹೋದ ಮೇಲೆ ಹುಡುಕಿ, ಅವಶೇಷವನ್ನು ಜೆರುಸಲೇಮಿಗೆ ತಂದು ಮಣ್ಣು ಮಾಡಿದರು.